ಬ್ಯಾಗ್ ಹಿಡಿದ ವಾಂಡರ್‌ಗ್ರೆಪ್ಪೆಲ್

ಡೋಲ್ಫಿಯ ಅಡ್ಡಹೆಸರು ವಾಂಡರ್‌ಗ್ರೆಪ್ಪೆಲ್. ಒಂದೇ ಉಸಿರಿಗೆ ಹೇಳಬೇಕೆಂಬ ಕಾನೂನೇನಿಲ್ಲ. ಅವನ ಅಪ್ಪನೂ ನಡುವೆ ಒಮ್ಮೆ ನಿಲ್ಲಿಸಿ, ಎಲೆಯಡಿಕೆ ಉಗುಳಿ, ಆಮೇಲೆ ಮುಂದುವರಿಸುತ್ತಿದ್ದರಂತೆ. ಕಾನ್ವೆಂಟಿನಲ್ಲಿ ಹಾಜರಿ ಕರೆಯುವ ಸಿಸ್ಟರ್, ಅಲ್ಮೇಡಾದಿಂದ ಹೊರಟು ಪಿಂಟೊ, ರೆಬೆಲ್ಲೊ, ಸಲ್ಡಾನ್ಹಾಗಳನ್ನು ಸಲೀಸಾಗಿ ದಾಟಿ ಕೊನೆಗೆ ಇವನ ಹತ್ತಿರ ಬಂದಾಗ ಪುಸ್ತಕ ಮುಚ್ಚಿ, "ಆ್ಯಂಡ್ ಡೋಲ್ಫಿ" ಎನ್ನುತ್ತಿದ್ದರು. ಹತ್ತು ವರ್ಷದ ಶಾಲೆಯಲ್ಲಿ ಅವನ ಅಡ್ಡಹೆಸರು ಒಂದು ದಿನವೂ ಹಾಜರಾಗಲಿಲ್ಲ.

ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಅಡ್ಡಹೆಸರು ಹಂಚಿದವರು ಪೋರ್ಚುಗೀಸರು. ಧಾರಾಳಿಗಳು, ಒಂದೇ ಹೆಸರನ್ನು ಸಾವಿರ ಮನೆಗೆ ಕೊಟ್ಟರು. ಡಚ್ಚರು ಹಾಗಲ್ಲ, ವ್ಯಾಪಾರಿಗಳು. ಬಸರೂರಿಗೆ ಅಕ್ಕಿ, ಮೆಣಸು ಕೊಳ್ಳಲು ಬಂದರು, ಚೌಕಾಶಿ ಮಾಡಿದರು, ಹೋಗುವಾಗ ಒಂದೇ ಒಂದು ಅಡ್ಡಹೆಸರು ಬಿಟ್ಟು ಹೋದರು. ಅದೂ ಮರೆತು ಬಿಟ್ಟದ್ದೇ ಇರಬೇಕು. ಹಳೆಯ ಟೆಲಿಫೋನ್ ಡೈರೆಕ್ಟರಿಯಲ್ಲಿ ಡಿಸೋಜರದ್ದು ಹನ್ನೊಂದು ಪುಟ, ವಾಂಡರ್‌ಗ್ರೆಪ್ಪೆಲ್‌ರದ್ದು ಒಂದು ಸಾಲು. ಆ ಸಾಲಿಗೆ ಫೋನ್ ಮಾಡಿದರೆ ಲೈನ್ ಕೆಟ್ಟಿರುತ್ತಿತ್ತು.

ಆದರೆ ಮನೆತನದಲ್ಲಿ ಒಂದು ಕಥೆ ಇತ್ತು. ಮೂಲಪುರುಷ ಡಚ್ ಅಡ್ಮಿರಲ್. ಮೂರು ಪಟದ ಹಡಗಿನಲ್ಲಿ ಬಂದು, ಬಸರೂರಿನ ಹೊಳೆಬಾಯಿಯಲ್ಲಿ ಒಬ್ಬ ಹುಡುಗಿಯನ್ನು ನೋಡಿ, ಹಡಗನ್ನೇ ಮರೆತ. ಸಾಕ್ಷಿಯಾಗಿ ಒಂದು ಹಿತ್ತಾಳೆಯ ದುರ್ಬೀನು ಇತ್ತು. ಅದರಲ್ಲಿ ಗಾಜು ಇರಲಿಲ್ಲ. ಅಡ್ಮಿರಲನ ದೃಷ್ಟಿ ಅಷ್ಟು ಚೆನ್ನಾಗಿತ್ತು, ಗಾಜು ಬೇಕಿರಲಿಲ್ಲ ಎಂದು ಡೋಲ್ಫಿಯ ಅಜ್ಜ ಹೇಳುತ್ತಿದ್ದರು.

ಈ ಡೋಲ್ಫಿ ಮೂವತ್ತೊಂದು ವರ್ಷ ಕುವೈತಿನಲ್ಲಿದ್ದ. ಅರ್ದಿಯಾದಲ್ಲಿ ವಾಹನಗಳ ಬಿಡಿಭಾಗ ಇಡುವ ಗೋದಾಮಿನ ಸ್ಟೋರ್‌ಕೀಪರ್. ಅಲ್ಲಿರುವ ನಲವತ್ತು ಸಾವಿರ ಐಟಂಗಳಲ್ಲಿ ಪ್ರತಿಯೊಂದಕ್ಕೂ ಜೋಡಿ ಉಂಟು, ಜೋಡಿ ಇಲ್ಲದಿದ್ದರೆ ಬದಲಿ ಉಂಟು. ಜೋಡಿಯೂ ಬದಲಿಯೂ ಇಲ್ಲದ ಐಟಂ ಆ ಕಟ್ಟಡದಲ್ಲಿ ಒಂದೇ. ಅದು ಕನ್ನಡಕ ಹಾಕಿಕೊಂಡು ಬಾಗಿಲ ಹತ್ತಿರ ಕೂತಿರುತ್ತಿತ್ತು.

ಅವನ ಬದುಕಿನಲ್ಲಿ ಅಡ್ಡಹೆಸರು ನಿಜವಾಗಿ ಅಡ್ಡ ಬಂದದ್ದು ಹಗ್ಗದ ವಿಷಯದಲ್ಲಿ.

ಕುವೈತಿನ ನಮ್ಮ ಕರಾವಳಿ ಕೊಂಕಣಿ ಬಳಗಕ್ಕೆ ಪ್ರತಿ ಫೆಬ್ರವರಿಯ ರಜೆಯಲ್ಲಿ ಕಬ್ದ್‌ನ ಮರಳುಗಾಡಿನ ತೋಟವೊಂದರಲ್ಲಿ ಪಿಕ್ನಿಕ್. ಪಿಕ್ನಿಕ್ ಎನ್ನುವುದು ಹೆಸರಿಗೆ. ಎಲ್ಲರೂ ಬರುವುದು ಹಗ್ಗಜಗ್ಗಾಟಕ್ಕೆ. ತಂಡಗಳು ಊರಿನ ಮೇಲಲ್ಲ, ಚರ್ಚಿನ ಮೇಲಲ್ಲ, ಅಡ್ಡಹೆಸರಿನ ಮೇಲೆ. ತಂಡಕ್ಕೆ ಐದು ಮಂದಿ, ಗಂಡು ಹೆಣ್ಣು ಭೇದವಿಲ್ಲ. ಡಿಸೋಜರು ಎಷ್ಟಿದ್ದಾರೆಂದರೆ ತಮ್ಮ ಐವರನ್ನು ಆರಿಸಲಿಕ್ಕೇ ಬೇರೆ ಪಂದ್ಯಾವಳಿ ನಡೆಸುತ್ತಾರೆ. ಡೋಲ್ಫಿ ಮಾತ್ರ ಯಾರ ತಂಡದಲ್ಲೂ ಇರಲಿಲ್ಲ.

ಅವನ ಹೆಂಡತಿ ಮೊಲ್ಲಿ ಹುಟ್ಟಿನಲ್ಲಿ ಮಸ್ಕರೇನ್ಹಸ್. ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಎಲ್ಲರ ಹಿಂದೆ ನಿಲ್ಲುವ ಜಾಗ ಇದೆಯಲ್ಲ, ಅದು ಇಪ್ಪತ್ತಮೂರು ವರ್ಷ ಅವಳದ್ದಾಗಿತ್ತು. ಮೊಲ್ಲಿ ನಿಂತರೆ ನಿಂತಳು. ಅವಳನ್ನು ಕದಲಿಸಲು ಹೋಗಿ ಲೋಬೊ ತಂಡದ ಇಬ್ಬರಿಗೆ ಭುಜ ಉಳುಕಿದೆ. ಇದನ್ನು ಚೆನ್ನಾಗಿ ಅರಿತವನು ಅವಳ ತಮ್ಮ ಕ್ಲಿಫರ್ಡ್. ಬಳಗದ ಕಾರ್ಯದರ್ಶಿಯೂ ಅವನೇ, ಮಸ್ಕರೇನ್ಹಸ್ ತಂಡದ ನಾಯಕನೂ ಅವನೇ. ಅಕ್ಕ ಮದುವೆಯಾದ ವರ್ಷವೇ ಅವನು ಒಂಬತ್ತನೇ ನಿಯಮ ಬರೆದ: ಮದುವೆಯಾದ ಹೆಂಗಸು ಗಂಡನ ಅಡ್ಡಹೆಸರಿನ ತಂಡದಲ್ಲಿ ಎಳೆಯತಕ್ಕದ್ದು, ಗಂಡನ ಅಡ್ಡಹೆಸರಿಗೆ ತಂಡವೇ ಇಲ್ಲದಿದ್ದರೆ ತವರಿನ ತಂಡದಲ್ಲಿ. ಈ ಎರಡನೇ ಭಾಗ ಇಡೀ ಕುವೈತಿನಲ್ಲಿ ಒಬ್ಬಳಿಗೇ ಅನ್ವಯಿಸುತ್ತಿತ್ತು.

ಮೊಲ್ಲಿ ಎಳೆಯುವಾಗ ಡೋಲ್ಫಿ ಗೆರೆಯ ಪಕ್ಕದಲ್ಲಿ ನಿಂತು ಅವಳ ಬ್ಯಾಗ್, ಚಪ್ಪಲಿ, ವಾಚು ಹಿಡಿದುಕೊಳ್ಳುತ್ತಿದ್ದ. ಪ್ರತಿ ವರ್ಷದ ಗೆಲುವಿನ ಫೋಟೋದ ಬಲತುದಿಯಲ್ಲಿ ಅರ್ಧ ಡೋಲ್ಫಿ ಮತ್ತು ಪೂರ್ತಿ ಬ್ಯಾಗ್ ಇರುತ್ತದೆ. ಬಳಗದ ವಾರ್ಷಿಕ ವರದಿಯಲ್ಲಿ ಗೆದ್ದವರ ಹೆಸರುಂಟು, ಸೋತವರ ಹೆಸರುಂಟು. ಕೊನೆಯಲ್ಲಿ "ಹಾಗೂ ಸಹಕರಿಸಿದ ಇತರರು" ಎಂದಿರುತ್ತದೆ. ಆ ಇತರರು ಡೋಲ್ಫಿ.

ಕಳೆದ ವರ್ಷ ಕಂಪೆನಿಯಿಂದ ಕಾಗದ ಬಂತು. ಅರವತ್ತು ತುಂಬುತ್ತದೆ, ಜೂನ್ ಕೊನೆಗೆ ಖಲಾಸ್, ಊರಿಗೆ. ಡೋಲ್ಫಿ ಕಾಗದ ಮಡಚಿ ಊಟದ ಮೇಜಿನ ಮೇಲಿಟ್ಟು ಹೆಂಡತಿಗೂ ಮಗಳು ಕ್ಲಾರಿಸ್ಸಾಳಿಗೂ ಕೇಳುವಂತೆ ಹೇಳಿದ:

"ಈ ಫೆಬ್ರವರಿ ಕೊನೆಯದ್ದು. ಒಂದು ಸಲ, ಒಂದೇ ಒಂದು ಸಲ, ನಾನು ನನ್ನ ಹೆಸರಲ್ಲಿ ಹಗ್ಗ ಎಳೀಬೇಕು."

"ಎಳೀರಿ. ಯಾರು ಬೇಡ ಅಂದದ್ದು?" ಎಂದಳು ಮೊಲ್ಲಿ, ಮೀನಿನ ಮುಳ್ಳು ಬಿಡಿಸುತ್ತ.

"ಐದು ಜನ ಬೇಕಲ್ಲ. ನಾನು, ಕ್ಲಾರಿಸ್ಸಾ, ನೀನು..."

"ನನ್ನನ್ನು ಈಗಲೇ ಎಣಿಸಬೇಡಿ ಮಾರಾಯ್ರೆ. ಮೊದಲು ನಾಲ್ಕು ಜನ ತೋರಿಸಿ. ಖಾಲಿ ಕೈಯಲ್ಲಿ ಹೋಗಿ ತಮ್ಮನ ಹತ್ತಿರ ಎಂತ ಹೇಳುವುದು ನಾನು?"

ಹದಿನೇಳರ ಕ್ಲಾರಿಸ್ಸಾ ಅಷ್ಟರಲ್ಲಿ ಫೋನಿನಲ್ಲಿ ಅಡ್ಡಹೆಸರು ಎಣಿಸುವ ಯಾವುದೋ ಪುಟ ತೆರೆದಿದ್ದಳು. "ಡ್ಯಾಡ್, ಇನ್ ದಿ ಹೋಲ್ ವರ್ಲ್ಡ್, ಟೂ ಹಂಡ್ರೆಡ್ ಫೋರ್ಟೀನ್ ಪೀಪಲ್. ಇನ್ ಕುವೈತ್, ಫೈವ್!"

"ಐದಾ!" ಡೋಲ್ಫಿ ಎದ್ದು ನಿಂತ.

"ತ್ರೀ ಆಫ್ ದೆಮ್ ಆರ್ ಅಸ್."

ಉಳಿದ ಇಬ್ಬರಲ್ಲಿ ಒಬ್ಬಾಕೆ ಸಿಕ್ಕಿದ್ದು ಕುವೈತ್ ಸಿಟಿಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ: ಕೊಲಂಬೊದ ನರ್ಸ್ ಫ್ರೀಡಾ ವಾಂಡರ್‌ಗ್ರೆಪ್ಪೆಲ್. ಡೋಲ್ಫಿಯ ಹಲ್ಲು ನೋಯುತ್ತಿರಲಿಲ್ಲ. ಆದರೂ ಅಪಾಯಿಂಟ್‌ಮೆಂಟ್ ಮಾಡಿಸಿ ಕುರ್ಚಿಯಲ್ಲಿ ಮಲಗಿದ. ಫೈಲಿನಲ್ಲಿ ಹೆಸರು ಓದಿದ ಫ್ರೀಡಾ, ಇದು ಯಾರೋ ತನ್ನ ಕಾಲೆಳೆಯಲು ಮಾಡಿದ್ದೆಂದು ತಿಳಿದು, ಅವನ ಬಾಯಿಗೆ ಕೊಳವೆ ತೂರಿಸಿಯೇ ವಿಚಾರಣೆ ಶುರುಮಾಡಿದಳು. ಬಾಯಿ ತೆರೆದಿದ್ದಾಗ ತೀರ ಸುಲಭವಾಗಿ ಹೇಳಬಹುದಾದ ಹೆಸರು ಅದು ಎಂದು ಡೋಲ್ಫಿಗೆ ಅರವತ್ತನೇ ವಯಸ್ಸಿನಲ್ಲಿ ಗೊತ್ತಾಯಿತು.

"ನಮ್ಮ ಪೂರ್ವಜರು ಸಿಲೋನಿನಲ್ಲಿ ಗವರ್ನರ್ ಆಗಿದ್ದರು," ಎಂದಳು ಫ್ರೀಡಾ, ಕೊಳವೆ ತೆಗೆದ ಮೇಲೆ.

"ನಮ್ಮವರು ಅಡ್ಮಿರಲ್," ಎಂದ ಡೋಲ್ಫಿ.

ಇಬ್ಬರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ತಮ್ಮ ಕೈಕೆಳಗಿನವರಂತೆ ನೋಡಿಕೊಂಡರು. ಆಕೆ ಐದಡಿ ಇಲ್ಲ. ಆದರೆ ಮೂವತ್ತು ವರ್ಷ ರೋಗಿಗಳನ್ನು ಎತ್ತಿ ಕೂರಿಸಿದ ತೋಳು. ಹಗ್ಗ ಎಳೆಯಲು ಬರುತ್ತೇನೆ ಎಂದಳು, ಜೊತೆಗೆ ಎರಡು ಹಲ್ಲಿಗೆ ಸಿಮೆಂಟನ್ನೂ ಬರೆಸಿದಳು.

ಇನ್ನೊಬ್ಬ ಅಪ್ಪಟ ಡಚ್ಚ, ಪೀಟರ್ ವಾಂಡರ್‌ಗ್ರೆಪ್ಪೆಲ್. ಬಂದರಿನ ಹೂಳೆತ್ತುವ ಕಂಪೆನಿಯೊಂದರಲ್ಲಿ ಕೆಲಸ. ಕ್ಲಾರಿಸ್ಸಾ ಅವನಿಗೆ, "ಫೆಬ್ರವರಿಯಲ್ಲಿ ಒಂದು ಹಗ್ಗ ಎಳೆಯಲು ಬರುತ್ತೀರಾ?" ಎಂದು ಬರೆದಳು. ನಾಲ್ಕು ನಿಮಿಷದಲ್ಲಿ ಉತ್ತರ ಬಂತು: "ಯಾವುದರಿಂದ?" ಹಗ್ಗ ಯಾವುದರಿಂದಲೂ ಹೊರಗೆ ಬರಬೇಕಾಗಿಲ್ಲ, ಸುಮ್ಮನೆ ಎಳೆಯುವುದು ಎಂದು ಅವನಿಗೆ ತಿಳಿಸಿಹೇಳಲು ಎರಡು ದಿನ ಬೇಕಾಯಿತು.

ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿಸಿ ಎಲ್ಲರೂ ಅಬ್ಬಾಸಿಯಾದ ಡೋಲ್ಫಿಯ ಮನೆಗೆ ಊಟಕ್ಕೆ ಬಂದರು. ಆರಡಿ ಆರಂಗುಲದ ಪೈಲ್ವಾನನ ನಿರೀಕ್ಷೆಯಲ್ಲಿದ್ದ ಡೋಲ್ಫಿ ಬಾಗಿಲು ತೆರೆದರೆ, ಉದ್ದವೇನೋ ಸರಿ, ಅಗಲವೇ ಇಲ್ಲ. ಕೊಕ್ಕರೆಗೆ ಟೈ ಕಟ್ಟಿದಂತಿದ್ದ. ಸೊಂಟದಲ್ಲಿ ಸ್ವಲ್ಪ ತೊಂದರೆ ಇದೆ, ಆದರೆ ಸೀನದಿದ್ದರೆ ಏನೂ ಆಗುವುದಿಲ್ಲ ಎಂದ.

ಊಟಕ್ಕೆ ಕೆಳಗಿನ ಮಹಡಿಯ ಸಿದ್ದಯ್ಯನವರೂ ಇದ್ದರು. ಮಂಡ್ಯದ ಕಡೆಯವರು, ಒಳಚರಂಡಿ ಎಂಜಿನಿಯರ್. ಕೊಂಕಣಿ ಒಂದಕ್ಷರ ಬಾರದ ಈ ಮನುಷ್ಯ ಹನ್ನೆರಡು ವರ್ಷದಿಂದ ಹಗ್ಗಜಗ್ಗಾಟದ ರೆಫರಿ. ಕಾರಣ ಸರಳ. ಬಳಗದಲ್ಲಿ ಯಾರನ್ನು ರೆಫರಿ ಮಾಡಿದರೂ ಅವರಿಗೊಂದು ಅಡ್ಡಹೆಸರು ಇರುತ್ತದೆ, ಆದ್ದರಿಂದ ಪಕ್ಷಪಾತ ಇರುತ್ತದೆ. ಸಿದ್ದಯ್ಯನವರಿಗೆ ಇರುವುದು ಎರಡು ಇನಿಶಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ. ಇಷ್ಟು ನಿಷ್ಪಕ್ಷಪಾತಿ ಮನುಷ್ಯ ಕರಾವಳಿಯಲ್ಲಿ ಸಿಗುವುದುಂಟೆ?

ಕೋಳಿ ಸುಕ್ಕ ಎರಡನೇ ಸುತ್ತಿಗೆ ಬಂದಾಗ ಡೋಲ್ಫಿ ಷೋಕೇಸಿನಿಂದ ದುರ್ಬೀನು ತಂದು ಪೀಟರನ ಮುಂದಿಟ್ಟ. "ನಮ್ಮ ಅಡ್ಮಿರಲನದ್ದು. ನಿಮ್ಮ ದೇಶದಲ್ಲಿ ಈ ಹೆಸರಿಗೆ ಏನರ್ಥ? ಸಮುದ್ರದ ಒಡೆಯ ಅಂತಲೋ ಏನೋ ಇರಬೇಕು."

ಪೀಟರ್ ಬಾಯಿ ಒರೆಸಿಕೊಂಡ. "ಹೊಲದ ಬದಿಗೆ ನೀರು ಬಸಿದು ಹೋಗಲು ತೋಡುತ್ತಾರಲ್ಲ? ಕಾಲುವೆಯಲ್ಲ, ಅದಕ್ಕಿಂತ ಸಣ್ಣದು. ಹಾರಿ ದಾಟಬಹುದು. ಅದೇ ಗ್ರೆಪ್ಪೆಲ್. ವಾಂಡರ್‌ಗ್ರೆಪ್ಪೆಲ್ ಅಂದರೆ ಆ ಚರಂಡಿಯ ಕಡೆಯವನು."

ಫ್ರೀಡಾ ಕೈಯಲ್ಲಿದ್ದ ಇಡ್ಲಿಯಂಥ ಸಾನ್ನವನ್ನು ತಟ್ಟೆಗೆ ವಾಪಸ್ಸು ಇಟ್ಟಳು. ಗವರ್ನರೂ ಅಡ್ಮಿರಲ್ಲೂ ಒಂದೇ ಚರಂಡಿಗೆ ಬಿದ್ದ ಸದ್ದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

"ಸೋ ವೀ ಆರ್ ಡ್ರೇನ್ ಪೀಪಲ್," ಎಂದಳು ಕ್ಲಾರಿಸ್ಸಾ.

ಸಂತೋಷಪಟ್ಟವರು ಸಿದ್ದಯ್ಯನವರೊಬ್ಬರೇ. "ಹಂಗಂದ್ರೆ ನಮ್ಮೋರೇ ಆದ್ರಲ್ಲ!" ಎಂದು ದುರ್ಬೀನನ್ನು ಎತ್ತಿಕೊಂಡು, ಅದರ ಬಾಯಿಗೆ ಹೆಬ್ಬೆರಳು ಹಾಕಿ ನೋಡಿ, ಪ್ರೀತಿಯಿಂದ ಹೇಳಿದರು: "ಡೋಲ್ಫಿ, ಇದು ದುರ್ಬೀನಲ್ಲ ಕಣಯ್ಯಾ. ಪೈಪು. ಒಂದೂಕಾಲು ಇಂಚು. ಒಳ್ಳೇ ಮಾಲು."

ಡೋಲ್ಫಿ ಪೈಪನ್ನು ಷೋಕೇಸಿನಲ್ಲಿ ಇದ್ದ ಜಾಗದಲ್ಲೇ ಇಟ್ಟ. ಬೀಗ ಹಾಕಿದ. ತಿರುಗಿ, "ಅಡ್ಮಿರಲ್ ಹೋದರೆ ಹೋಗಲಿ. ನಾಲ್ಕು ಜನ ಆದೆವಲ್ಲ," ಎಂದ.

ತಂಡದ ಅರ್ಜಿ ಹೋದದ್ದೇ ಎಗೈಲಾದಲ್ಲಿ ಕಮಿಟಿ ಮೀಟಿಂಗ್ ಕರೆಯಲಾಯಿತು. ಕ್ಲಿಫರ್ಡ್ ನಿಯಮಾವಳಿ ಹಿಡಿದು ಎದ್ದು ನಿಂತ.

"ಭಾವಾ, ನನಗೆ ನಿಮ್ಮ ಮೇಲೆ ಎಂತ ದ್ವೇಷವೂ ಇಲ್ಲ. ಆದರೆ ನಾಲ್ಕು ಜನ ಅಂದರೆ ತಂಡ ಅಲ್ಲ. ತಂಡ ಅಲ್ಲದ ಮೇಲೆ ಅಕ್ಕ ತವರಿನವಳು. ಅಕ್ಕ ತವರಿನವಳಾದ ಮೇಲೆ ನೀವು ನಾಲ್ಕೇ ಜನ."

"ಅವಳು ಬಂದರೆ ಐದಾಗ್ತದಲ್ಲ ಕ್ಲಿಫರ್ಡ್. ಐದಾದರೆ ತಂಡ. ತಂಡವಾದ ಮೇಲೆ ಅವಳು ನಮ್ಮವಳು."

"ತಂಡ ಆಗದೆ ಬರ್ಲಿಕ್ಕೆ ಆಗುದಿಲ್ಲ."

"ಅವಳು ಬರದೆ ತಂಡ ಆಗುದಿಲ್ಲ."

ಹೀಗೆ ಎರಡು ಗಂಟೆ. ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಚರ್ಚೆಯಲ್ಲಿ ಮೊಟ್ಟೆ ಪಫ್ಸ್ ಎರಡು ಟ್ರೇ ಖಾಲಿಯಾದವು. ರೆಫರಿಯ ಹಕ್ಕಿನಲ್ಲಿ ಮೂಲೆಯಲ್ಲಿ ಕೂತಿದ್ದ ಸಿದ್ದಯ್ಯನವರು ಕೊನೆಗೆ ಕೇಳಿದರು: "ಮೊಲ್ಲಿ ಮೇಡಮ್ನೋರ್ನ ಯಾರಾದ್ರೂ ಒಂದ್ ಮಾತು ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಒಂಬತ್ತನೇ ನಿಯಮದಲ್ಲಿ ಅದಕ್ಕೆ ಜಾಗವಿರಲಿಲ್ಲ. ಫೋನ್ ಸ್ಪೀಕರಿಗೆ ಹಾಕಿದರು.

"ಎಳೆಯುವುದು ಯಾವ ಕಡೆಯಾದರೂ ಎಳೆಯುವಾ," ಎಂದಿತು ಮೊಲ್ಲಿಯ ಧ್ವನಿ, ಹಿಂದೆ ಕುಕ್ಕರ್ ಕೂಗುತ್ತಿತ್ತು. "ಮೊದಲು ಇದು ಹೇಳಿ. ಇವರೂ ಹಗ್ಗ ಹಿಡಿದರೆ ನನ್ನ ಬ್ಯಾಗ್ ಯಾರು ಹಿಡಿಯುವುದು?"

ಇಪ್ಪತ್ತಮೂರು ವರ್ಷದಲ್ಲಿ ಬಳಗದ ಮುಂದೆ ಬಂದ ಅತ್ಯಂತ ಪ್ರಾಯೋಗಿಕ ಪ್ರಶ್ನೆ ಅದು. ಕಡೆಗೆ, ಬ್ಯಾಗ್ ಹಿಡಿಯಲು ಒಬ್ಬ ಜವಾಬ್ದಾರಿಯುತ ವ್ಯಕ್ತಿಯನ್ನು ಬಳಗವೇ ಒದಗಿಸತಕ್ಕದ್ದು ಎಂದು ನಿರ್ಣಯವಾಯಿತು. "ಹಾಗಾದರೆ ಇವರೊಟ್ಟಿಗೆ ಎಳೀತೇನೆ," ಎಂದಳು ಮೊಲ್ಲಿ. ಕ್ಲಿಫರ್ಡ್ ನೀರು ಕುಡಿದ.

ಪಿಕ್ನಿಕ್ಕಿನ ದಿನ ಕಬ್ದ್‌ನಲ್ಲಿ ಧೂಳಿನ ಗಾಳಿ. ಚೀಟಿ ಎತ್ತಿದಾಗ ಮೊದಲ ಪಂದ್ಯವೇ ವಾಂಡರ್‌ಗ್ರೆಪ್ಪೆಲ್, ಮಸ್ಕರೇನ್ಹಸ್. ಡೋಲ್ಫಿ ಹೊಸ ಬೂಟು ಹಾಕಿ, ಎದೆಯ ಮೇಲೆ ಅಡ್ಡಹೆಸರು ಬರೆದ ಬನಿಯನ್ ತೊಟ್ಟಿದ್ದ. ಹೆಸರು ಎದೆಯಲ್ಲಿ ಹಿಡಿಸದೆ ಕಂಕುಳಿನ ಕೆಳಗೆ ಹಾದು ಬೆನ್ನಿಗೆ ಹೋಗಿತ್ತು. ಐವರೂ ಸಾಲಾಗಿ ನಿಂತರು. ಪೀಟರ್ ಸೀನಿದ.

ಒಂದೇ ಸೀನು. ಅರ್ಧಕ್ಕೆ ಬಾಗಿದವನು ಹಾಗೇ ನಿಂತ. ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಹೋಗಲಿಲ್ಲ. ಫ್ರೀಡಾ ಬೆನ್ನು ಮುಟ್ಟಿ ನೋಡಿ, ಇವನಿಗೆ ಇವತ್ತು ಹಗ್ಗವಿಲ್ಲ ಎಂದು ತೀರ್ಪು ಕೊಟ್ಟಳು.

ಕ್ಲಿಫರ್ಡ್ ಪಾಪ, ಓಡಿ ಬಂದು ಪೀಟರನಿಗೆ ಕುರ್ಚಿ ಕೊಟ್ಟ. ಆಮೇಲೆ ಜೇಬಿನಿಂದ ನಿಯಮಾವಳಿ ತೆಗೆದ. "ಈಗ ನಾಲ್ಕು ಜನ, ಭಾವಾ. ಅಕ್ಕನ ಸಮೇತ ನಾಲ್ಕು. ಒಂಬತ್ತನೇ ನಿಯಮ. ಅಕ್ಕಾ, ಈಚೆ ಬಾ."

ಡೋಲ್ಫಿ ಹಗ್ಗ ಕೆಳಗಿಟ್ಟು, ಅಭ್ಯಾಸಬಲದಿಂದ, ಬಳಗ ಇನ್ನೂ ಯಾರನ್ನೂ ನೇಮಿಸದ್ದರಿಂದ ಮೊಲ್ಲಿಯ ಭುಜದಲ್ಲೇ ಇದ್ದ ಬ್ಯಾಗಿಗೆ ಕೈ ಚಾಚಿದ.

ಮೊಲ್ಲಿ ಬ್ಯಾಗ್ ಕೊಡಲಿಲ್ಲ. "ಬರ್ತೇನೆ ಕ್ಲಿಫರ್ಡ್. ನಿಯಮ ಅಂದರೆ ನಿಯಮ. ಹಗ್ಗವನ್ನೂ ಹಿಡೀತೇನೆ. ಇಷ್ಟು ವರ್ಷ ಇವರು ನನ್ನ ಬ್ಯಾಗ್ ಹಿಡಿದರಲ್ಲ, ಹಾಗೆ ಹಿಡೀತೇನೆ. ಬೀಳ್ಲಿಕ್ಕೆ ಬಿಡುವುದಿಲ್ಲ, ಎಳೆಯುವುದೂ ಇಲ್ಲ."

ಕ್ಲಿಫರ್ಡನ ಮುಖ ಧೂಳಿನ ಬಣ್ಣಕ್ಕೆ ಬಂತು. ಆಗ ಸಿದ್ದಯ್ಯನವರು ಕೊರಳಿನಿಂದ ವಿಷಲ್ ತೆಗೆದರು.

"ನಾನು ಸೇರ್ಕೊತೀನಿ ಬುಡಿ ಅತ್ಲಾಗೆ."

"ನೀವು ವಾಂಡರ್‌ಗ್ರೆಪ್ಪೆಲ್ ಅಲ್ಲವಲ್ಲ ಸಿದ್ದಯ್ಯನೋರೇ?" ಎಂದ ಕ್ಲಿಫರ್ಡ್.

"ಏನೂ ಅಲ್ಲ ಸ್ವಾಮಿ ನಾನು. ಪಾಸ್‌ಪೋರ್ಟ್ನಲ್ಲಿ ಆ ಜಾಗ ಖಾಲಿ ಬಿದ್ದೈತೆ. ಯಾರ್ ಬೇಕಾದ್ರೂ ಬಾಡಿಗೆಗೆ ಬರ್ಬೋದು. ಅಲ್ಲಾ, ಇವ್ರಲ್ಲಿ ಯಾರಾದ್ರೂ ಜೀವಮಾನದಲ್ಲಿ ಒಂದ್ ಚರಂಡಿ ತೋಡವ್ರಾ ಕೇಳಿ? ನಾನು ಮೂವತ್ ವರ್ಷದಿಂದ ಅದೇ ಮಾಡ್ತಿರೋದು. ಅರ್ಥ ನೋಡೋಕೋದ್ರೆ ಇಲ್ಲಿ ಅಸಲಿ ನಾನೊಬ್ನೇ."

ಕ್ಲಿಫರ್ಡ್ ಅಕ್ಕನ ಮುಖ ನೋಡಿದ. ನಿಯಮಾವಳಿ ನೋಡಿದ. ಅಡ್ಡಹೆಸರಿಲ್ಲದವರ ಬಗ್ಗೆ ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. ಅಂಥವರೂ ಲೋಕದಲ್ಲಿದ್ದಾರೆಂದು ಬರೆಯುವಾಗ ಅವನಿಗೆ ಹೊಳೆದಿರಲಿಲ್ಲ. ಪುಸ್ತಕ ಜೇಬಿಗೆ ಹೋಯಿತು. ತಂಡದ ಪಟ್ಟಿಯಲ್ಲಿ ಸಿದ್ದಯ್ಯ ವಾಂಡರ್‌ಗ್ರೆಪ್ಪೆಲ್ ಎಂದು ಬಿತ್ತು. ವಿಷಲ್ ತೋಟದ ಕಾವಲುಗಾರನ ಬಾಯಿಗೆ ಹೋಯಿತು. ಬಾಂಗ್ಲಾದೇಶದವನು, ಇಲ್ಲಿ ಯಾರು ಯಾರೆಂದು ಗೊತ್ತಿಲ್ಲ, ಆದ್ದರಿಂದ ಯೋಗ್ಯ. ಬ್ಯಾಗ್, ಚಪ್ಪಲಿ, ವಾಚು ಜವಾಬ್ದಾರಿಯುತ ವ್ಯಕ್ತಿಯಾದ ಪೀಟರನ ಪಾಲಿಗೆ ಬಂದವು. ಹೇಗಿದ್ದರೂ ಬಾಗಿದ್ದ ಅವನು ಬ್ಯಾಗ್ ತೂಗುಹಾಕಲು ಹೇಳಿ ಮಾಡಿಸಿದಂತಿದ್ದ.

"ಯಲ್ಲಾ!" ಎಂದ ಕಾವಲುಗಾರ.

ಮೂರು ಎಳೆತದಲ್ಲಿ ಎರಡು ಗೆದ್ದವರದ್ದು ಪಂದ್ಯ. ಮೊದಲ ಎಳೆತದಲ್ಲಿ ವಾಂಡರ್‌ಗ್ರೆಪ್ಪೆಲ್‌ಗಳು ಹತ್ತೇ ಸೆಕೆಂಡಿಗೆ ಗೆರೆ ದಾಟಿದರು. ಹಿಂದೆ ಮೊಲ್ಲಿ ನಿಂತಿದ್ದೇನೋ ನಿಜ, ಆದರೆ ಮುಂದಿನ ನಾಲ್ವರು ನಾಲ್ಕು ದಿಕ್ಕಿಗೆ ಎಳೆದಿದ್ದರು. ಎರಡನೆಯದಕ್ಕೆ ಮೊದಲು ಸಿದ್ದಯ್ಯನವರು, "ಹಿಮ್ಮಡೀಲಿ ಒಂದೊಂದು ಸಣ್ಣ ಚರಂಡಿ ತೋಡ್ಕಳಿ. ಒಂಚೂರು ಇಳಿಜಾರಾಗಿ," ಎಂದರು. ತೋಡಿದರು. ಕಾಲು ಇಟ್ಟರು. ಹಗ್ಗ ಬಿಗಿಯಾಯಿತು; ಮಸ್ಕರೇನ್ಹಸ್ ತಂಡ ನಿಧಾನವಾಗಿ, ಮರ್ಯಾದೆಯಿಂದ, ಗೆರೆಯಾಚೆ ಬಂತು. "ಖಲಾಸ್!" ಎಂದ ಕಾವಲುಗಾರ. ಕ್ಲಾರಿಸ್ಸಾ ಮೊದಲ ಸಲ ಕನ್ನಡದಲ್ಲಿ ಕೂಗಿದಳು: "ಎಳೀರಿ ಡ್ಯಾಡ್!" ಎಳೆತ ಅಷ್ಟರಲ್ಲಿ ಮುಗಿದಿತ್ತು.

ಮೂರನೆಯದು ನಾಲ್ಕು ನಿಮಿಷ ನಡೆಯಿತು. ಡಿಸೋಜರು ಊಟದ ಸಾಲು ಬಿಟ್ಟು ನೋಡಲು ಬಂದರು. ಡೋಲ್ಫಿಯ ಅಂಗೈಯಲ್ಲಿ ಗುಳ್ಳೆಯೆದ್ದಿದೆ, ಕನ್ನಡಕ ಮೂಗಿನ ತುದಿಗೆ ಬಂದಿದೆ, ಮುಖ ಬಂಗುಡೆ ಸಾರಿನ ಬಣ್ಣ. ಎದುರು ಕ್ಲಿಫರ್ಡನ ಬೂಟು ಗೆರೆಗೆ ಒಂದು ಗೇಣು. ಅರ್ಧ ಗೇಣು. ನಾಲ್ಕು ಬೆರಳು. ಆಗ ಡೋಲ್ಫಿ ಓರೆಗಣ್ಣಿನಲ್ಲಿ ಕಂಡ: ಪೀಟರನ ಬಾಗಿದ ಭುಜದಿಂದ ಮೊಲ್ಲಿಯ ಬ್ಯಾಗ್ ಜಾರುತ್ತಿದೆ. ಜಾರುತ್ತಿದೆ. ಜಾರಿತು.

ಡೋಲ್ಫಿ ಹಗ್ಗ ಬಿಟ್ಟು ಹಾರಿದ.

ಬ್ಯಾಗ್ ಮರಳಿಗೆ ತಾಗುವ ಮೊದಲೇ, ಅರವತ್ತರ ಹರೆಯದಲ್ಲಿ, ಅಡ್ಡ ಮಲಗಿ ಹಿಡಿದ. ಅವನ ಹಿಂದೆ ಫ್ರೀಡಾ, ಕ್ಲಾರಿಸ್ಸಾ, ಸಿದ್ದಯ್ಯ, ಮೊಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಮಗುಚಿ ತಾವೇ ತೋಡಿದ ಚರಂಡಿಗಳ ಮೇಲೆ ಹಾದು ಗೆರೆಯಾಚೆ ಹೋದರು. "ಖಲಾಸ್," ಎಂದ ಕಾವಲುಗಾರ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮೊಲ್ಲಿ ಎದ್ದಳು, ಕೂದಲಿನ ಮರಳು ಕೊಡವಿದಳು, ಗಂಡನ ತಲೆಯ ಹತ್ತಿರ ಬಂದು ನಿಂತಳು.

"ಹಗ್ಗ ಬಿಟ್ಟದ್ದೆಂತಕ್ಕೆ?"

"ಬ್ಯಾಗ್ ಬೀಳ್ತಿತ್ತು."

ಮೊಲ್ಲಿ ತಮ್ಮನ ಕಡೆ ತಿರುಗಿದಳು. "ನೋಡಿದ್ಯಾ? ಇಪ್ಪತ್ತಮೂರು ವರ್ಷ. ಒಂದು ಸಲವೂ ನೆಲ ಮುಟ್ಟಲಿಲ್ಲ. ನಿಮ್ಮ ಜವಾಬ್ದಾರಿಯುತ ವ್ಯಕ್ತಿಗೆ ಹದಿನೈದು ನಿಮಿಷ ಆಗಲಿಲ್ಲ." ಬ್ಯಾಗ್ ತೆಗೆದುಕೊಂಡು, ಒಳಗಿನ ಬಾಳೆಹಣ್ಣು ಅಪ್ಪಚ್ಚಿಯಾಗಿದೆಯೇ ನೋಡಿ, ಗಂಡನಿಗೆ ಕೊಟ್ಟಳು. ಬ್ಯಾಗ್ ಅಲ್ಲ, ಬಾಳೆಹಣ್ಣು. ಬ್ಯಾಗನ್ನು ತನ್ನ ಭುಜಕ್ಕೇ ಹಾಕಿಕೊಂಡಳು. ಗುಳ್ಳೆಯೆದ್ದ ಅವನ ಅಂಗೈಯಲ್ಲಿ ಈಗ ಬ್ಯಾಗ್ ಹಿಡಿಯುವಂತಿರಲಿಲ್ಲ.

ಏಪ್ರಿಲ್‌ನಲ್ಲಿ ವಾರ್ಷಿಕ ವರದಿ ಬಂತು. ಹನ್ನೊಂದನೇ ಪುಟ, ಮೊದಲ ಸುತ್ತಿನಲ್ಲಿ ಸೋತವರು: ಲೋಬೊ, ಕ್ರಾಸ್ತಾ, ವಾಂಡರ್‌ಗ್ರೆಪ್ಪೆಲ್. ಐವರ ಪೂರ್ತಿ ಹೆಸರೂ ಇತ್ತು. ಡೋಲ್ಫಿ ಆ ಪುಟದ ಹನ್ನೆರಡು ಪ್ರತಿ ತೆಗೆಸಿದ. ಗೋದಾಮಿನಲ್ಲಿ ಕೇಳಿದವರಿಗೂ ಕೇಳದವರಿಗೂ ತೋರಿಸಿದ. "ಸೋತದ್ದಲ್ವಾ ಸಾರ್?" ಎಂದು ಫೋರ್ಕ್‌ಲಿಫ್ಟಿನ ಬಾವಾಕುಂಞಿ ಕೇಳಿದರೆ, "ಸೋತದ್ದೇ. ಇದು ನೋಡು, ನನ್ನ ಹೆಸರಲ್ಲೇ ಸೋತದ್ದು," ಎಂದ. ಒಂದು ಪ್ರತಿಗೆ ಕಟ್ಟು ಹಾಕಿಸಿ, ಜೂನಿನಲ್ಲಿ ಊರಿಗೆ ಹೊರಡುವಾಗ ಒಂದೂಕಾಲು ಇಂಚಿನ ಪೈಪಿನ ಜೊತೆಗೆ ಕೈಚೀಲದಲ್ಲೇ ಒಯ್ದ.

ಅವನ ಸಂಸಾರ ಹೋದ ಮೇಲೆ ಕುವೈತಿನಲ್ಲಿ ಆ ಹೆಸರಿನವರು ಇಬ್ಬರೇ ಉಳಿದರು ಎಂದು ನೀವು ಲೆಕ್ಕ ಹಾಕಬಹುದು. ತಪ್ಪು. ಮೊನ್ನೆ ಬಳಗದ ನೋಟಿಸ್ ಬೋರ್ಡಿನಲ್ಲಿ ಬರುವ ಫೆಬ್ರವರಿಯ ತಂಡಗಳಿಗೆ ಅರ್ಜಿ ಕರೆದಿದ್ದರು. ಬಂದ ಅರ್ಜಿಗಳಲ್ಲೊಂದು: ವಾಂಡರ್‌ಗ್ರೆಪ್ಪೆಲ್, ನಾಯಕ ಸಿದ್ದಯ್ಯ. ಕೆಳಗೆ ಫ್ರೀಡಾ, ಪೀಟರ್ (ಬ್ಯಾಗ್ ವಿಭಾಗ), ಮತ್ತು ಮಂಡ್ಯ, ಹಾಸನದ ಕಡೆಯ ಮೂವರು ಎಂಜಿನಿಯರುಗಳು. ಮೂವರಿಗೂ ಇನಿಶಿಯಲ್ ಮಾತ್ರ. ಕ್ಲಿಫರ್ಡ್ ಹತ್ತನೇ ನಿಯಮ ಬರೆಯುತ್ತಿದ್ದಾನಂತೆ.